ಅಪ್ಪ ನೀರಗಂಟಿಯಾಗಿದ್ದರು

ಮಾನ್ಯ ಸಂಪಾದಕರೇ,

ಕಳೆದ ತಿಂಗಳು ನಿಮ್ಮ ಪತ್ರಿಕೆಯಲ್ಲಿ ನಮ್ಮ ತಂದೆಯವರ ಹನ್ನೊಂದನೆಯ ದಿನದ ಕಾರ್ಯದ ಜಾಹೀರಾತು ಪ್ರಕಟವಾಯಿತು. ಭಾವಚಿತ್ರ ಚೆನ್ನಾಗಿಯೇ ಮೂಡಿತ್ತು. ಕೆಳಗೆ ‘ನಿವೃತ್ತ ಸರ್ಕಾರಿ ನೌಕರರು’ ಎಂದಿತ್ತು. ಜಾಹೀರಾತು ಬರೆದುಕೊಂಡ ಹುಡುಗನಿಗೆ ನಾನು ಹೇಳಿದ್ದು ನೀರಗಂಟಿ ಎಂದು. ‘ಪಂಚಾಯಿತಿಯಲ್ಲಿ ನಲ್ಲಿ ನೀರು ಬಿಡುವವರೇ ಮೇಡಂ?’ ಎಂದು ಕೇಳಿದ. ಅಲ್ಲ, ನಾಲೆಯ ನೀರನ್ನು ಗದ್ದೆಗಳಿಗೆ ಹಂಚುವವರು ಎಂದೆ. ಅವನ ಹಿಂದೆ ಇನ್ನೂ ನಾಲ್ಕು ಜನ ತಮ್ಮ ತಮ್ಮ ಸಾವಿನ ಚೀಟಿ ಹಿಡಿದು ನಿಂತಿದ್ದರು. ಹುಡುಗ ತನಗೆ ತೋಚಿದ್ದನ್ನು ಬರೆದುಕೊಂಡ. ಇದು ಅವನ ಮೇಲಿನ ದೂರಲ್ಲ. ಆ ಜಾಹೀರಾತಿನಲ್ಲಿ ಹಿಡಿಸದೆ ಉಳಿದದ್ದನ್ನು ವಾಚಕರ ವಾಣಿಯಲ್ಲಿ ಹಾಕಿಸಿದರೆ ದುಡ್ಡು ಬೀಳುವುದಿಲ್ಲ ಎಂಬ ಲೆಕ್ಕಾಚಾರವೂ ಈ ಪತ್ರದ ಹಿಂದಿದೆ. ನಾನು ಗಣಿತದ ಶಿಕ್ಷಕಿ, ಮೈಸೂರಿನ ಒಂದು ಪ್ರೌಢಶಾಲೆಯಲ್ಲಿದ್ದೇನೆ.

ಕನ್ನಂಬಾಡಿ ಕಟ್ಟೆಯಿಂದ, ಅಂದರೆ ಕೆಆರ್‌ಎಸ್‌ನಿಂದ, ಹೊರಡುವ ವಿಶ್ವೇಶ್ವರಯ್ಯ ನಾಲೆಗೆ ನಮ್ಮ ತಾತ ಸಾಯುವವರೆಗೂ ಇರ್ವಿನ್ ನಾಲೆ ಎಂದೇ ಹೇಳುತ್ತಿದ್ದರು. ಅದು ಹುಲಿಕೆರೆಯ ಸುರಂಗ ಹಾದು ಮಂಡ್ಯದ ಬಯಲಿಗೆ ಬರುತ್ತದೆ. ಮುಂದೆ ಮದ್ದೂರು ಶಾಖೆ, ತುರುಗನೂರು ಶಾಖೆ, ಹೆಬ್ಬಕವಾಡಿ ಎಂದು ಕವಲೊಡೆದು, ಕವಲಿನಿಂದ ಉಪನಾಲೆಯಾಗಿ, ಉಪನಾಲೆಯ ತೂಬಿನಿಂದ ಹೊಲಗಾಲುವೆಯಾಗಿ, ಕೊನೆಗೆ ಮಕ್ಕಳು ಹಾರಿ ದಾಟುವಷ್ಟು ಕಿರಿದಾಗಿ ಯಾರದೋ ಗದ್ದೆಯ ಬದುವಿನಲ್ಲಿ ಮುಗಿಯುತ್ತದೆ. ಮದ್ದೂರು ತಾಲ್ಲೂಕಿನ ಅಂಥ ಒಂದು ಉಪನಾಲೆಯನ್ನು ಅಪ್ಪ ಮೂವತ್ತು ವರ್ಷಕ್ಕೂ ಮಿಕ್ಕಿ ಕಾದರು. ಮೊದಲು ದಿನಗೂಲಿಯಲ್ಲಿ, ಬಹಳ ತಡವಾಗಿ ಕಾಯಂ ಆಗಿ.

ನಮ್ಮದು ಕೊನೆ ಭಾಗ. ಹಾಗೆಂದರೆ ಏನೆಂದು ಮದ್ದೂರು, ಮಳವಳ್ಳಿಯ ಓದುಗರಿಗೆ ವಿವರಿಸಬೇಕಾಗಿಲ್ಲ. ಮೈಸೂರಿನವರಿಗಾಗಿ ಹೇಳುತ್ತೇನೆ: ನಾಲೆಗೆ ನೀರು ಬಿಟ್ಟ ಫೋಟೊ ಪತ್ರಿಕೆಯಲ್ಲಿ ಬಂದು, ಆ ಪತ್ರಿಕೆಯಲ್ಲಿ ಯಾರೋ ಕಡಲೆಕಾಯಿ ಕಟ್ಟಿಸಿಕೊಂಡು ಹೋದ ಮೇಲೆ ನೀರು ಬರುವ ಜಾಗ ಅದು.

ತಾತನೂ ನೀರಗಂಟಿಯೇ. ಆದರೆ ಅವರು ಕಾದದ್ದು ಊರ ಕೆರೆಯನ್ನು. ಹಳ್ಳಿಯ ಹನ್ನೆರಡು ಆಯಗಾರರಲ್ಲಿ ನೀರಗಂಟಿಯೂ ಒಬ್ಬ. ಸಂಬಳ ಎಂಬುದಿಲ್ಲ, ಸುಗ್ಗಿಯಲ್ಲಿ ಕಣಕ್ಕೆ ಹೋಗಿ ನಿಂತರೆ ರೈತ ತನ್ನ ರಾಶಿಯಿಂದ ಆಯ ಅಳೆದು ಹಾಕುತ್ತಿದ್ದ. ಎಷ್ಟು ಹಾಕಬೇಕೆಂಬುದಕ್ಕೆ ಕಟ್ಟಳೆಯಿತ್ತು, ಹಾಕುವ ಕೈಗೆ ಮನಸ್ಸೂ ಇತ್ತು. ಕೆಲವು ವರ್ಷ ಕಟ್ಟಳೆ ಗೆಲ್ಲುತ್ತಿತ್ತು, ಕೆಲವು ವರ್ಷ ಕೈ. ನಮ್ಮ ಮನೆ ಯಾವ ಕೇರಿಯಲ್ಲಿತ್ತು ಎಂಬುದನ್ನು ಹಳ್ಳಿ ಬಲ್ಲವರು ಇಷ್ಟರಲ್ಲೇ ಊಹಿಸಿರುತ್ತಾರೆ. ಹಗಲು ಹೊತ್ತಿನಲ್ಲಿ ಅಪ್ಪನನ್ನು ಜಗಲಿಯ ಕೆಳಗೆ ನಿಲ್ಲಿಸಿ ಮಾತನಾಡಿಸುತ್ತಿದ್ದವರು ನಾಟಿಯ ಕಾಲದಲ್ಲಿ ನಡುರಾತ್ರಿ ನಮ್ಮ ಬಾಗಿಲಿಗೆ ಬಂದು ಕೂಗುತ್ತಿದ್ದರು. ಒಟ್ಟಲು (ಬತ್ತದ ಸಸಿಮಡಿ) ಒಣಗುತ್ತಿದೆ, ಎದ್ದು ಬನ್ನಿ ಎಂದು. ಹೌದು, ಆ ಹೊತ್ತಿನಲ್ಲಿ ‘ಬನ್ನಿ’ ಎನ್ನುತ್ತಿದ್ದರು. ನಾನು ಚಿಕ್ಕವಳಿದ್ದಾಗ ದೊಡ್ಡವರು ರಾತ್ರಿಯಾದರೆ ಮರ್ಯಾದೆ ಕಲಿಯುತ್ತಾರೆ ಎಂದೇ ತಿಳಿದಿದ್ದೆ.

ಅಪ್ಪನ ಸಾಮಾನು ಎಂದರೆ ಒಂದು ಗುದ್ದಲಿ, ಮೂರು ಸೆಲ್ಲಿನ ಟಾರ್ಚ್, ಕಂಬಳಿ, ಗೇಟು ತಿರುಗಿಸುವ ಕಬ್ಬಿಣದ ಹಿಡಿ, ಮತ್ತು ಗಂಟು ಗಂಟಿಗೆ ಚಾಕುವಿನಿಂದ ಗುರುತು ಕೊರೆದ ಒಂದು ಬಿದಿರು ಕೋಲು. ಇಲಾಖೆ ನಾಲೆಯ ಗೋಡೆಯ ಮೇಲೆ ಅಡಿ, ಇಂಚು ಬರೆಸಿತ್ತು. ಪಾಚಿ ಕಟ್ಟಿ ಅದು ಓದಲು ಬಾರದಂತಾಗಿತ್ತು. ನೀರು ಬಿಡುವ ಮುನ್ನ ಪ್ರತಿವರ್ಷ ಅಪ್ಪ ತೆಂಗಿನ ನಾರಿನಿಂದ ಉಜ್ಜಿ, ಮನೆಗೆ ಹೊಡೆದು ಉಳಿದ ಬಣ್ಣದಲ್ಲಿ ಆ ಅಂಕಿಗಳನ್ನು ತಿದ್ದುತ್ತಿದ್ದರು. ಒಂದು ವರ್ಷ ಹಸಿರು, ಇನ್ನೊಂದು ವರ್ಷ ಕಾವಿ. ತಪಾಸಣೆಗೆ ಬಂದ ಇಂಜಿನಿಯರ್ ಒಬ್ಬರು ಇದೇನು ಬಣ್ಣ ಎಂದು ಗದರಿದ್ದರಂತೆ. ಅಪ್ಪ, ‘ಕಾಣುವ ಬಣ್ಣ ಸ್ವಾಮಿ’ ಎಂದರಂತೆ.

ಆದರೆ ರಾತ್ರಿ ಅವರು ಕೋಲನ್ನೂ ನಂಬುತ್ತಿರಲಿಲ್ಲ, ಅಂಕಿಯನ್ನೂ ನಂಬುತ್ತಿರಲಿಲ್ಲ. ತೂಬಿನ ಪಕ್ಕ ಕುಕ್ಕರಗಾಲಿನಲ್ಲಿ ಕುಳಿತು ಕೇಳುತ್ತಿದ್ದರು. ತುಂಬಿದ ನೀರು ಸದ್ದು ಮಾಡುವುದಿಲ್ಲ, ಕಡಿಮೆಯಾದಾಗಲೇ ಕಲ್ಲಿಗೆ ಬಡಿದು ಗಲಗಲ ಎನ್ನುತ್ತದೆ. ಮೇಲೆ ಯಾರೋ ಅಡ್ಡ ಹಾಕಿದ್ದಾರೆ ಎಂಬುದು ಅವರಿಗೆ ಆ ಗಲಗಲದಿಂದ ತಿಳಿಯುತ್ತಿತ್ತು. ಎದ್ದು ಹೊರಟರೆ ಮೇಲ್ಭಾಗದಲ್ಲಿ ಎಲ್ಲೋ ಒಂದು ಕಡೆ ಬಾಳೆ ದಿಂಡು, ಹುಲ್ಲಿನ ಕಂತೆ, ಮೇಲೊಂದು ಕಲ್ಲು. ಹಾಗೆ ನೀರನ್ನು ಎತ್ತರಿಸಿ ತಮ್ಮ ಗದ್ದೆಗೆ ತಿರುಗಿಸಿಕೊಂಡಿರುತ್ತಿದ್ದರು. ಅಪ್ಪ ದಿಂಡನ್ನು ಎಳೆದು ದಡಕ್ಕೆ ಹಾಕಿ ಸುಮ್ಮನೆ ಬರುತ್ತಿದ್ದರು. ಯಾರದೆಂದು ವಿಚಾರಿಸುತ್ತಿರಲಿಲ್ಲ. ಬೆಳಿಗ್ಗೆ ಆ ಗದ್ದೆಯವನು ಎದುರಾದರೆ ಹೆಸರು ಹಿಡಿದು ಮಾತನಾಡಿಸಿ ಮುಂದಕ್ಕೆ ಹೋಗುತ್ತಿದ್ದರು. ಅದಕ್ಕೇ ಅವನು ಹೆಚ್ಚು ನಾಚುತ್ತಿದ್ದ ಎಂದು ಅಪ್ಪನ ನಂಬಿಕೆ. ನನಗೆ ಅಷ್ಟು ನಂಬಿಕೆಯಿಲ್ಲ. ಮರುದಿನ ರಾತ್ರಿ ಮತ್ತೆ ಅದೇ ಜಾಗದಲ್ಲಿ ಬಾಳೆ ದಿಂಡು ಸಿಕ್ಕಿದ್ದುಂಟು. ಆಮೇಲಾಮೇಲೆ ದಿಂಡು ಹೋಗಿ ಪಂಪ್‌ಸೆಟ್ಟು ಬಂತು. ದಡದ ಮೇಲಿಂದ ಪೈಪು ಇಳಿಬಿಟ್ಟು ಎಳೆಯುವವರ ಮುಂದೆ ಗುದ್ದಲಿಯದೇನೂ ನಡೆಯುವುದಿಲ್ಲ.

ನಾಲೆಯಲ್ಲಿ ನೀರು ಇರುವಷ್ಟು ದಿನ ಅವರು ಯಾರ ಮನೆಯಲ್ಲೂ ಕಾಫಿ ಕುಡಿಯುತ್ತಿರಲಿಲ್ಲ. ಬಾಳೆಗೊನೆ, ತರಕಾರಿ, ಬೆಲ್ಲದ ಅಚ್ಚು ಯಾವುದನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ಇಂದು ಕಾಫಿ ಕುಡಿದವನು ನಾಳೆ ತೂಬು ಒಂದು ಗಂಟೆ ತಡವಾಗಿ ಮುಚ್ಚಬೇಕಾಗುತ್ತದೆ ಎನ್ನುತ್ತಿದ್ದರು. ನಾನು ಶಾಲೆಯ ಭಾಷಣ ಸ್ಪರ್ಧೆಯಲ್ಲಿ ಇದನ್ನೇ ಹೇಳಿ ಸ್ಟೀಲ್ ತಟ್ಟೆ ಬಹುಮಾನ ತಂದಿದ್ದೆ. ಅವ್ವ ತಟ್ಟೆ ನೋಡಿ ನಕ್ಕು, ನಿಮ್ಮಪ್ಪ ಕಾಫಿ ಕುಡಿಯದೇ ಇರುವುದಕ್ಕೆ ಇನ್ನೂ ಒಂದು ಕಾರಣವಿದೆ ಎಂದಳು. ದೊಡ್ಡ ಮನೆಗಳ ಸೂರಿನ ಸಂದಿಯಲ್ಲಿ ನಮ್ಮಂಥವರಿಗಾಗಿ ಒಂದು ಬೇರೆ ಲೋಟ ಸಿಕ್ಕಿಸಿರುತ್ತಿದ್ದರು, ಕುಡಿದು ತೊಳೆದು ಅಲ್ಲೇ ಇಡಬೇಕು. ಎರಡರಲ್ಲಿ ಯಾವುದು ನಿಜವಾದ ಕಾರಣ ಎಂದು ಅಪ್ಪನನ್ನು ನಾನು ಕೇಳಲಿಲ್ಲ. ಎರಡೂ ಇರಬೇಕು. ಒಂದು ಹೇಳಿಕೊಳ್ಳಬಹುದಾದ ಕಾರಣ, ಇನ್ನೊಂದು ಹೇಳಿಕೊಳ್ಳಬೇಕಾಗಿಲ್ಲದ ಕಾರಣ.

ಸುಗ್ಗಿ ಮುಗಿದು ನಾಲೆ ನಿಂತ ಮೇಲೆ ಕಥೆಯೇ ಬೇರೆ. ಆಗ ಕೊಟ್ಟದ್ದನ್ನೆಲ್ಲ ಧಾರಾಳವಾಗಿ ತೆಗೆದುಕೊಳ್ಳುತ್ತಿದ್ದರು. ಒಬ್ಬರು ಒಂದು ಮೂಟೆ ಜಯ ಬತ್ತ, ಇನ್ನೊಬ್ಬರು ಮೊರದಷ್ಟು ಅವರೆಕಾಯಿ. ಹಳೆಯ ಆಯದ ನೆನಪು ಊರಿಗೆ ಇನ್ನೂ ಇತ್ತು. ಸರ್ಕಾರದ ಸಂಬಳ ಬರುತ್ತಿದ್ದರೂ ಇದನ್ನು ಬೇಡವೆನ್ನಲಿಲ್ಲ. ಯಾರು ಕಡಿಮೆ ಕೊಟ್ಟರು ಎಂಬುದು ಬಾಯಿಪಾಠವೇ ಇತ್ತು. ಅದನ್ನು ಜಡಿಮಳೆಯ ಸಂಜೆಗಳಲ್ಲಿ ಅವ್ವನಿಗೆ ಹೇಳಿ ಇಬ್ಬರೂ ನಗುತ್ತಿದ್ದರು. ದೇವರಂಥ ಮನುಷ್ಯ ಎಂದು ತಿಥಿಯ ದಿನ ಎಲ್ಲರೂ ಅಂದರು. ಅಷ್ಟೇನೂ ಅಲ್ಲ. ಬಲು ಮುಂಗೋಪಿ, ಬೀಡಿ ಬಿಡಲಿಲ್ಲ, ಇಸ್ಪೀಟಿನಲ್ಲಿ ಕಳ್ಳಾಟ ಆಡುತ್ತಿದ್ದರು.

ನಮಗೂ ಇಪ್ಪತ್ತು ಗುಂಟೆ ಗದ್ದೆಯಿದೆ, ಕೊನೆಯ ತೂಬಿನ ಕೆಳಗೆ. ಎಲ್ಲರ ಸರದಿ ಮುಗಿದ ಮೇಲೆಯೇ ಅಪ್ಪ ಅದಕ್ಕೆ ನೀರು ತಿರುಗಿಸುತ್ತಿದ್ದದ್ದು. ಕೆಲವು ವರ್ಷ ತಿರುಗಿಸಲು ನೀರೇ ಉಳಿಯುತ್ತಿರಲಿಲ್ಲ, ತೆನೆ ಹಾಲುಗಟ್ಟುವ ಹೊತ್ತಿಗೆ ಗದ್ದೆ ಬಿರುಕು ಬಿಡುತ್ತಿತ್ತು. ಇದನ್ನು ತ್ಯಾಗ ಎಂದು ಬರೆಯಲು ನನಗೆ ಮನಸ್ಸಿಲ್ಲ. ಅವ್ವನ ಲೆಕ್ಕದಲ್ಲಿ ಅದು ಬರೀ ಹಟ. ಊರಿಗೆಲ್ಲ ನೀರು ಹಂಚಿದವನ ಮನೆಯಲ್ಲಿ ಸೊಸೈಟಿ ಅಕ್ಕಿಯ ಅನ್ನ ಬೇಯಿಸಿದವಳು ಅವಳು. ಮುದ್ದೆ, ಉಪ್ಪುಸಾರು ಇದ್ದೇ ಇತ್ತು ಎನ್ನಿ. ಗದ್ದೆಯ ಏಡಿ ಹಿಡಿದು ತಂದ ದಿನ ಮಾತ್ರ ಮನೆಯಲ್ಲಿ ಜಗಳವಿರುತ್ತಿರಲಿಲ್ಲ.

ನನ್ನ ಮದುವೆಯ ಲಗ್ನ ಗೊತ್ತುಮಾಡಿದ್ದು ಸಹ ನಾಲೆಯೇ. ಗಂಡಿನ ಕಡೆಯವರು ಫೆಬ್ರುವರಿಯಲ್ಲಿ ಒಳ್ಳೆಯ ಮುಹೂರ್ತವಿದೆ ಎಂದರು. ಬೇಸಿಗೆ ಬೆಳೆಗೆ ನೀರು ಹರಿಯುವ ಕಾಲ, ಆಗುವುದಿಲ್ಲ ಎಂದರು ಅಪ್ಪ. ಹಾಗಾದರೆ ಮಾರ್ಚ್ ಎಂದರು. ಆಗಂತೂ ಆಗುವುದೇ ಇಲ್ಲ ಎಂದರು. ನಮ್ಮ ಮಾವನವರು ಚನ್ನಪಟ್ಟಣದ ಕಡೆಯವರು, ರಾಗಿ ಮತ್ತು ರೇಷ್ಮೆಯ ಸೀಮೆ. ನಾಲೆ ನಿಲ್ಲುವವರೆಗೆ ಮದುವೆ ನಿಲ್ಲಬೇಕು ಎಂಬುದು ಅವರಿಗೆ ಅರ್ಥವೇ ಆಗಲಿಲ್ಲ. ಸಂಬಂಧ ತಪ್ಪುವ ಮಟ್ಟಕ್ಕೆ ಬಂದು, ಕೊನೆಗೆ ಮೇ ತಿಂಗಳ ಉರಿಬಿಸಿಲಿನಲ್ಲಿ ಚಪ್ಪರ ಏರಿತು. ಧಾರೆಯ ಹೊತ್ತಿನಲ್ಲಿ ಅಪ್ಪನ ಕೈ ಒರಟಾಗಿತ್ತು, ಕಣ್ಣಲ್ಲಿ ನೀರಿರಲಿಲ್ಲ. ಅತ್ತದ್ದು ನಮ್ಮ ಮಾವನವರು. ಬಹುಶಃ ಸೆಖೆಗೆ.

ಬಿ.ಎಸ್ಸಿ. ಓದುವಾಗ ನನಗೆ ಲೆಕ್ಕದ ಜಂಬ ಇತ್ತು. ಒಂದು ಕ್ಯೂಸೆಕ್, ಅಂದರೆ ಸೆಕೆಂಡಿಗೆ ಒಂದು ಘನ ಅಡಿ, ನೀರು ಒಂದು ಹಗಲು, ಒಂದು ರಾತ್ರಿ ಹರಿದರೆ ಹೆಚ್ಚುಕಡಿಮೆ ಎರಡು ಎಕರೆಯಲ್ಲಿ ಒಂದಡಿ ನಿಲ್ಲುತ್ತದೆ ಎಂದು ಅಪ್ಪನಿಗೆ ಕಾಗದದ ಮೇಲೆ ಮಾಡಿ ತೋರಿಸಿದೆ. ಬೀಡಿ ಕಚ್ಚಿಕೊಂಡು ಪೂರ್ತಿ ಕೇಳಿದರು. ‘ಕಬ್ಬಿನ ಎರಡು ಎಕರೆಯೋ, ಬತ್ತದ ಎರಡು ಎಕರೆಯೋ?’ ಎಂದರು. ಯಾವುದಾದರೂ ಅಷ್ಟೇ ಎಂದೆ. ‘ಬದುವಿನಲ್ಲಿ ಏಡಿ ಬಿಲ ಎಷ್ಟಿವೆ?’ ಎಂದರು. ಅದು ಲೆಕ್ಕದಲ್ಲಿ ಬರುವುದಿಲ್ಲ ಎಂದೆ. ‘ನನ್ನ ಲೆಕ್ಕದಲ್ಲಿ ಬರುತ್ತದೆ ಕೂಸೇ’ ಎಂದು ಕಾಗದವನ್ನು ಮಡಚಿ ಜೇಬಿಗಿಟ್ಟುಕೊಂಡರು. ಅವರ ಲೆಕ್ಕ ಹೀಗಿತ್ತು: ಹೂಳು, ಜೊಂಡು ತೆಗೆಸಿದ ವರ್ಷ ಮೊದಲ ತೂಬಿನಿಂದ ಕೊನೆಯ ತೂಬಿಗೆ ನೀರು ಒಂದು ರಾತ್ರಿಯಲ್ಲಿ ಬರುತ್ತದೆ, ತೆಗೆಸದ ವರ್ಷ ಎರಡು ಹಗಲು, ಎರಡು ರಾತ್ರಿ. ಒಣಗಿದ ನಾಲೆ ಮೊದಲು ತಾನು ಕುಡಿಯುತ್ತದೆ, ಆಮೇಲೆ ಕೊಡುತ್ತದೆ. ಹೀಗಾಗಿ ಐದು ದಿನ ನೀರು ಬಿಟ್ಟು ಹತ್ತು ದಿನ ನಿಲ್ಲಿಸುವ ಸರದಿ ಬಂದರೆ, ಕಾಗದದಲ್ಲಿ ಎಲ್ಲರಿಗೂ ಐದು ದಿನ, ಕೊನೆಯವನಿಗೆ ಮೂರೇ ದಿನ. ಆ ಎರಡು ದಿನವನ್ನು ಮೇಲಿನವರಿಂದ ಕಿತ್ತು ಕೆಳಗಿನವರಿಗೆ ಕೊಡುವುದೇ ನೀರಗಂಟಿಯ ಕೆಲಸ. ಇದನ್ನು ಯಾವ ಆದೇಶದಲ್ಲೂ ಬರೆದಿರುವುದಿಲ್ಲ.

ಅವರ ನಿವೃತ್ತಿ 2002ರಲ್ಲಿ. ಮಳೆ ಕೈಕೊಟ್ಟ ವರ್ಷ. ಕಾವೇರಿಗಾಗಿ ಜಿಲ್ಲೆಯೆಲ್ಲ ಬೀದಿಯಲ್ಲಿತ್ತು. ಗದ್ದೆಯಲ್ಲಿ ಪೈರು ನಿಂತಿರುವಾಗಲೇ ಸರದಿಯ ಮಧ್ಯದಲ್ಲಿ ಗೇಟು ಇಳಿಸುವಂತೆ ಮೇಲಿನಿಂದ ಹೇಳಿಕೆ ಬಂತು. ಅಪ್ಪ ಅಂದು ಮಧ್ಯಾಹ್ನವೇ ಹೊರಟು ಮನೆಮನೆಗೆ ಹೋಗಿ, ಇಂದು ರಾತ್ರಿ ಇಳಿಸುತ್ತೇನೆ, ಅಷ್ಟರಲ್ಲಿ ಹಾಯಿಸಿಕೊಳ್ಳಿ ಎಂದು ಹೇಳಿಬಂದರು. ಆ ಸಂಜೆ ಬೈದವರು ಅವರನ್ನೇ ಬೈದರು. ಬೆಂಗಳೂರು, ದೆಹಲಿ ದೂರ. ಗೇಟಿನ ಹಿಡಿ ಹಿಡಿದವನು ಎದುರಿಗಿದ್ದ. ಅವರ ಸೈಕಲ್ಲಿನ ಎರಡೂ ಗಾಲಿಯ ಗಾಳಿ ಬಿಟ್ಟಿದ್ದರು. ಅದನ್ನು ತಳ್ಳಿಕೊಂಡೇ ಹೋಗಿ ಗೇಟು ಇಳಿಸಿ ಬಂದರು. ಕೆಲವೇ ದಿನಗಳಲ್ಲಿ ಸೇವೆ ಮುಗಿಯಿತು. ಹಾರ, ಶಾಲು, ಒಂದು ಗೋಡೆ ಗಡಿಯಾರ.

ಅನಂತರದ ಬದುಕಿನಲ್ಲಿ ಅವರು ಪತ್ರಿಕೆಯ ಓದುಗರಾದರು. ಅಂದರೆ ಮೊದಲ ಪುಟದ ಕೆಆರ್‌ಎಸ್ ನೀರಿನ ಮಟ್ಟದ ಚೌಕದ ಓದುಗರು. ಗರಿಷ್ಠ ಮಟ್ಟ 124.80 ಅಡಿ, ಇಂದಿನ ಮಟ್ಟ ಇಷ್ಟು, ಒಳಹರಿವು ಇಷ್ಟು, ಹೊರಹರಿವು ಇಷ್ಟು. ಉಳಿದ ಪತ್ರಿಕೆ ನಮ್ಮದು. 2018ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಕಾವೇರಿ ನೀರಿನಲ್ಲಿ ಕರ್ನಾಟಕಕ್ಕೆ 14.75 ಟಿಎಂಸಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ) ಹೆಚ್ಚು ಕೊಟ್ಟಿತು ಎಂದು ದಪ್ಪಕ್ಷರದಲ್ಲಿ ಬಂದ ದಿನ ಅಪ್ಪ ನನಗೆ ಫೋನ್ ಮಾಡಿದರು. ಅದರಲ್ಲಿ ನಮ್ಮ ತೂಬಿಗೆ ಎಷ್ಟು ಎಂದು ಕೇಳಿದರು. 4.75 ಬೆಂಗಳೂರಿನ ಕುಡಿಯುವ ನೀರಿಗಂತೆ, ಉಳಿದ 10 ತಮಿಳುನಾಡಿನಲ್ಲಿರುವ ಅಂತರ್ಜಲದ ಲೆಕ್ಕದಿಂದ ಬಂದದ್ದಂತೆ ಎಂದು ವಿವರಿಸಿದೆ. ಸ್ವಲ್ಪ ಹೊತ್ತು ಮಾತಿಲ್ಲ. ‘ಸರಿ, ಬೆಂಗಳೂರಿನವರೂ ಕುಡಿಯಲಿ. ಅವರದು ಕೊನೆಯ ಭಾಗವೇ ಅಲ್ಲವೇ’ ಎಂದರು.

ಅದೇ ವರ್ಷದ ನವೆಂಬರ್‌ನಲ್ಲಿ ಪಾಂಡವಪುರ ತಾಲ್ಲೂಕಿನ ಕನಗನಮರಡಿಯ ಹತ್ತಿರ ಬಸ್ಸು ನಾಲೆಗೆ ಬಿದ್ದು 30 ಜನ ಸತ್ತರು. ಟಿವಿಯಲ್ಲಿ ಎಲ್ಲರೂ ಬಸ್ಸನ್ನು ನೋಡುತ್ತಿದ್ದರು, ಅಪ್ಪ ದಡವನ್ನು ನೋಡುತ್ತಿದ್ದರು. ಈಗಲೂ ನಾಲೆ ಏರಿಯ ಮೇಲೆ ತಡೆಗೋಡೆ ಇಲ್ಲದ ಎಷ್ಟೋ ತಿರುವುಗಳಲ್ಲಿ ಶಾಲಾ ವ್ಯಾನುಗಳು ಓಡಾಡುತ್ತಿವೆ. ಅದು ಬೇರೆಯೇ ಪತ್ರ, ಇನ್ನೊಮ್ಮೆ ಬರೆಯುತ್ತೇನೆ.

2023ರಲ್ಲಿ ಮತ್ತೆ ಮಳೆ ಇಲ್ಲ, ಕಟ್ಟೆ ತುಂಬಲಿಲ್ಲ, ಸೆಪ್ಟೆಂಬರ್‌ನಲ್ಲಿ ಮಂಡ್ಯ ಬಂದ್ ಆಯಿತು. ಆಗ ಅಪ್ಪನಿಗೆ ಎದ್ದು ನಾಲೆಯವರೆಗೆ ಹೋಗಲು ಆಗುತ್ತಿರಲಿಲ್ಲ. ನನ್ನ ತಮ್ಮ ಬೈಕಿನಲ್ಲಿ ಹೋಗಿ ಬಂದು ವರದಿ ಕೊಡಬೇಕಿತ್ತು. ವರದಿ ಕೇಳಿ, ಕೇಳಿದ್ದು ಸಾಲದೆ, ‘ಮೊಬೈಲಿನಲ್ಲಿ ಸದ್ದು ಹಿಡಿದುಕೊಂಡು ಬಾ’ ಎಂದು ಅವನನ್ನು ಮತ್ತೆ ಕಳುಹಿಸುತ್ತಿದ್ದರು. ಅವನು ನಾಲೆಯ ಸದ್ದು ರೆಕಾರ್ಡ್ ಮಾಡಿ ತರುವುದು, ಇವರು ಮೊಬೈಲನ್ನು ಕಿವಿಗೆ ಒತ್ತಿ ಕಣ್ಣು ಮುಚ್ಚುವುದು. ‘ಮೂರನೆಯ ತೂಬಿನ ಹತ್ತಿರ ಯಾವನೋ ಅಡ್ಡ ಹಾಕಿದ್ದಾನೆ’ ಎಂದರೆ ಹೋಗಿ ನೋಡುವವರು ಯಾರು? ತಮ್ಮ ಒಮ್ಮೆ ಹೋಗಿ ನೋಡಿದ. ಅಡ್ಡ ಹಾಕಿರಲಿಲ್ಲ. ಪ್ಲಾಸ್ಟಿಕ್ ಬಾಟಲಿ, ಗಣೇಶನ ಹಬ್ಬದ ಹೂವಿನ ಹಾರ ಸೇರಿ ಕಟ್ಟಿಕೊಂಡಿತ್ತಂತೆ. ಅಂತೂ ಕಟ್ಟಿಕೊಂಡಿತ್ತು.

2025ರಲ್ಲಿ ಜೂನ್ ಮುಗಿಯುವ ಮೊದಲೇ ಕಟ್ಟೆ ತುಂಬಿತು. ಮುಖ್ಯಮಂತ್ರಿಗಳು ಬಾಗಿನ ಕೊಟ್ಟ ಫೋಟೊವನ್ನು ಅಪ್ಪ ಭೂತಗನ್ನಡಿ ಹಿಡಿದು ನೋಡಿದರು. ಜೂನ್‌ನಲ್ಲಿ ತುಂಬಿದ್ದನ್ನು ತಾತನೂ ಕಂಡಿರಲಿಲ್ಲ ಎಂದರು. ಅವರಿಗೆ ಕೊನೆಯ ದಿನಗಳಲ್ಲಿ ದೊಡ್ಡ ಕಾಯಿಲೆ ಎಂಬುದೇನೂ ಇರಲಿಲ್ಲ. 81 ವರ್ಷವಾಗಿತ್ತು, ಊಟ ಕಡಿಮೆಯಾಯಿತು, ನಿದ್ದೆ ಹೆಚ್ಚಾಯಿತು, ಹೋದರು. ನಮ್ಮ ಗದ್ದೆಯಲ್ಲೇ ಮಣ್ಣು ಮಾಡಿದೆವು. ಕೇರಿಯವರಷ್ಟೇ ಮೇಲ್ಭಾಗದವರೂ ಬಂದಿದ್ದರು. ಬಾಳೆ ದಿಂಡಿನ ಕಾಲದ ಒಬ್ಬ ಮುದುಕರು ಮೊಮ್ಮಗನ ಹೆಗಲು ಹಿಡಿದು ಬಂದು, ಒಂದು ಹಿಡಿ ಮಣ್ಣು ಹಾಕಿ, ನಮ್ಮ ಅವ್ವನ ಕೈಯಿಂದ ಕಾಫಿ ಕೇಳಿ ಕುಡಿದು ಹೋದರು. ಅವ್ವ ಕೊಟ್ಟದ್ದು ಮನೆಯ ಲೋಟದಲ್ಲೇ.

ಈಗ ನಮ್ಮ ಉಪನಾಲೆಗೆ ಅಪ್ಪನಂತೆ ಕಾಯುವವರು ಯಾರೂ ಇಲ್ಲ. ಒಬ್ಬ ಹುಡುಗ ಹೊರಗುತ್ತಿಗೆಯಲ್ಲಿದ್ದಾನೆ. ಒಳ್ಳೆಯವನೇ. ಆದರೆ ಅವನಿಗೆ ಒಂದಲ್ಲ, ಹಲವು ಉಪನಾಲೆಗಳನ್ನು ವಹಿಸಿದ್ದಾರೆ, ರಾತ್ರಿ ಬರುವುದು ಅವನಿಗೆ ಸಾಧ್ಯವೂ ಇಲ್ಲ, ಬಾ ಎನ್ನುವುದು ನ್ಯಾಯವೂ ಅಲ್ಲ. ಗೋಡೆಯ ಅಂಕಿಗಳು ಪಾಚಿಯಲ್ಲಿವೆ. ನಾಲೆಗೆ ಕಾಂಕ್ರೀಟ್ ಹಾಕಿದ ಕಡೆ ನೀರು ಬೇಗ ಓಡುತ್ತದೆ, ನಿಜ. ಕಳ್ಳಪೈಪಿಗೂ ಅದು ಬೇಗ ಸಿಗುತ್ತದೆ. ಕಟ್ಟೆ ಕಟ್ಟಿಸಿದವರನ್ನು ನಾವು ಮರೆತಿಲ್ಲ; ಮಂಡ್ಯದಲ್ಲಿ ವಿಶ್ವೇಶ್ವರಯ್ಯನವರ ಪ್ರತಿಮೆ ಇಲ್ಲದ ಊರು ಹುಡುಕಿದರೂ ಸಿಗಲಾರದು. ಅದರ ಬಗ್ಗೆ ನನ್ನದೇನೂ ತಕರಾರಿಲ್ಲ. ನೀರು ಬಿಡುವ ಮುನ್ನ ನೀರಾವರಿ ಸಲಹಾ ಸಮಿತಿಯ ಸಭೆ ಸೇರುತ್ತದಲ್ಲ, ಮಂತ್ರಿಗಳು, ಶಾಸಕರು, ಇಂಜಿನಿಯರುಗಳು, ರೈತ ಮುಖಂಡರು ಕುಳಿತ ಆ ಕೋಣೆಯಲ್ಲಿ ಕೊನೆ ಭಾಗದ ಒಬ್ಬ ಹಳೆಯ ನೀರಗಂಟಿಗೂ ಒಂದು ಕುರ್ಚಿ ಹಾಕಿಸಬಹುದು. ಬದುಕಿರುವವರು ಇನ್ನೂ ಕೆಲವರಿದ್ದಾರೆ, ನನಗೇ ಗೊತ್ತಿರುವವರಿದ್ದಾರೆ.

ನಿಮ್ಮಲ್ಲಿ ಬೇಡುವುದು ಇನ್ನೂ ಚಿಕ್ಕದು. ನೀರಿನ ಮಟ್ಟದ ಚೌಕದಲ್ಲಿ ಒಂದು ಸಾಲು ಹೆಚ್ಚು ಮಾಡಿ. ನಾಲೆಗೆ ನೀರು ಬಿಟ್ಟ ದಿನ ಇಂಥದ್ದು, ಕೊನೆಯ ತೂಬಿಗೆ ತಲುಪಿದ ದಿನ ಇಂಥದ್ದು, ಇಲ್ಲವೇ ಇನ್ನೂ ತಲುಪಿಲ್ಲ ಎಂದು. ಎಲ್ಲ ಉಪನಾಲೆಗಳದ್ದೂ ಬೇಡ, ದಿನಕ್ಕೆ ಒಂದರದ್ದು ಸಾಕು. ನಮ್ಮ ಉಪನಾಲೆಯ ಸುದ್ದಿಯನ್ನು ನನ್ನ ತಮ್ಮ ನಿಮ್ಮ ಮದ್ದೂರಿನ ವರದಿಗಾರರಿಗೆ ಫೋನಿನಲ್ಲಿ ತಿಳಿಸುತ್ತಾನೆ. ಅವನ ಗದ್ದೆ ಕೊನೆಯಲ್ಲೇ ಇರುವುದರಿಂದ ಸುಳ್ಳು ಹೇಳಿದರೆ ಅವನಿಗೇ ನಷ್ಟ. ಪತ್ರ ಪ್ರಕಟಿಸುವುದಾದರೆ ದಯವಿಟ್ಟು ನಮ್ಮ ಊರಿನ ಹೆಸರು ಹಾಕಬೇಡಿ. ಮೇಲ್ಭಾಗದವರು ನೆಂಟರಿಗಿಂತ ಹೆಚ್ಚಿನವರು, ಮತ್ತು ಮುಂದಿನ ಸರದಿ ಸೋಮವಾರದಿಂದ.

ಇತಿ,
ನಿಮ್ಮ ಓದುಗರಲ್ಲೊಬ್ಬಳು,
ಮೈಸೂರು